ಸ್ವಪ್ನಾಳ ಬಲಗಾಲು, ಅರಿವಳಿಕೆ ಡಾಕ್ಟರರ ಪಾಲಿಸಿ

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ. ಸಾರ್ವಜನಿಕ ವಲಯದ ಸಾಮಾನ್ಯ ವಿಮಾ ಕಂಪನಿಯೊಂದರ ಹೈದರಾಬಾದಿನ ದಿಲ್‌ಸುಖ್‌ನಗರ ಶಾಖೆಗೆ ನಾನು ವ್ಯವಸ್ಥಾಪಕಿಯಾಗಿದ್ದೆ. ನಿವೃತ್ತಿ ಕಣ್ಣೆದುರಿಗೇ ಇತ್ತು. ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಮೆಡಿಕಲ್ ಸೀಟಿಗೆ ತಯಾರಿ ಮಾಡಿಸುವ ಕೋಚಿಂಗ್ ಸೆಂಟರು, ಎರಡನೆಯದರಲ್ಲಿ ನಾವು. ಲಿಫ್ಟಿನಲ್ಲಿ ಸಿಗುವ ಮಕ್ಕಳಿಗೆಲ್ಲ ಡಾಕ್ಟರಾಗುವ ಆಸೆ, ನಮ್ಮ ಕೌಂಟರಿಗೆ ಬರುವ ಡಾಕ್ಟರರಿಗೆಲ್ಲ ಕೋರ್ಟಿನ ಭಯ. ಮೆಟ್ರೋ ಹಾದುಹೋದಾಗಲೆಲ್ಲ ನನ್ನ ಮೇಜಿನ ಗಾಜು ಸಣ್ಣಗೆ ನಡುಗುತ್ತಿತ್ತು. ಆ ಮೇಜಿನ ಮೇಲೆ ವಾಹನ, ಅಂಗಡಿ, ಬೆಂಕಿ ವಿಮೆಗಳ ಕೆಲಸ ರಾಶಿ ಬಿದ್ದಿರುತ್ತಿತ್ತು ನಿಜ, ಆದರೆ ನಾನು ಮಗುವಿನಂತೆ ಸಾಕಿದ್ದು ಒಂದೇ ವಿಭಾಗವನ್ನು: ವೈದ್ಯರ ಪ್ರೊಫೆಷನಲ್ ಇಂಡೆಮ್ನಿಟಿ.

ಇದೇನೆಂದು ಹೇಳಿಬಿಡುತ್ತೇನೆ. ಚಿಕಿತ್ಸೆಯಲ್ಲಿ ಲೋಪವಾಯಿತೆಂದು ರೋಗಿ ದೂರು ಕೊಟ್ಟರೆ ವಕೀಲರ ಖರ್ಚನ್ನೂ, ಕೊಡಬೇಕಾಗಿ ಬಂದ ಪರಿಹಾರವನ್ನೂ ಕಂಪನಿ ಹೊರುತ್ತದೆ. ಆದರೆ ಇದು ನಿಮ್ಮ ಸ್ಕೂಟರಿನ ವಿಮೆಯಂತೆ ಅಲ್ಲ. ಸ್ಕೂಟರಿಗಾದರೆ ಅಪಘಾತದ ದಿನ ಪಾಲಿಸಿ ಇದ್ದರೆ ಸಾಕು. ಇಲ್ಲಿ ದೂರು ಬಂದ ದಿನವೂ ಪಾಲಿಸಿ ಜೀವಂತವಾಗಿರಬೇಕು. ಆಪರೇಷನ್ ಯಾವತ್ತೋ ಆಗಿರುತ್ತದೆ, ದೂರು ಯಾವತ್ತೋ ಬರುತ್ತದೆ. ಎಷ್ಟು ಹಿಂದಿನ ಕೆಲಸದವರೆಗೆ ನಮ್ಮ ಹೊಣೆ ಎಂಬುದಕ್ಕೆ ಪಾಲಿಸಿಯಲ್ಲಿ ಒಂದು ದಿನಾಂಕ ಇರುತ್ತದೆ. ಅದಕ್ಕೆ ರೆಟ್ರೊಆಕ್ಟಿವ್ ಡೇಟ್ ಎನ್ನುತ್ತಾರೆ. ವರ್ಷ ತಪ್ಪದೆ ನವೀಕರಿಸುತ್ತ ಹೋದರೆ ಆ ದಿನಾಂಕ ಕದಲದೆ ನಿಲ್ಲುತ್ತದೆ. ನಡುವೆ ಬಿಟ್ಟರೋ, ಅಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ಬಯಲಿಗೆ ಬಿದ್ದ ಹಾಗೆ. ಜೊತೆಗೆ ಡಾಕ್ಟರು ಏನು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಯಾವ ತೊಡಕು ನಡೆದಿದೆ ಎಂಬುದೆಲ್ಲ ಪ್ರತಿ ವರ್ಷ ಕಂಪನಿಗೆ ನಿಜವಾಗಿ ತಿಳಿದಿರಬೇಕು. ಮುಚ್ಚಿಟ್ಟರೆ ಕ್ಲೇಮ್ ಇಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ನವೀಕರಣದ ಹೊತ್ತಿಗೆ ಡಾಕ್ಟರು ‘ಸೇಮ್ ಆಸ್ ಲಾಸ್ಟ್ ಇಯರ್, ಮೇಡಂ’ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ವರ್ಷದಲ್ಲಿ ಮನುಷ್ಯನ ತಲೆಗೂದಲೇ ಹಾಗೇ ಉಳಿಯುವುದಿಲ್ಲ, ಪ್ರಾಕ್ಟೀಸು ಉಳಿಯುತ್ತದೆಯೇ? ಹಾಗಾಗಿ ನನ್ನದೊಂದು ಪದ್ಧತಿ. ಪಾಲಿಸಿ ಮುಗಿಯುವ ಮೊದಲು ನಾನೇ ಹೋಗಿ ಅವರ ವೇಟಿಂಗ್ ಹಾಲಿನಲ್ಲಿ ರೋಗಿಗಳ ಜೊತೆ ಕೂರುತ್ತಿದ್ದೆ. ಅಲ್ಲಿ ಕಾಣದ್ದೇ ಇಲ್ಲ. ಚರ್ಮದ ಡಾಕ್ಟರು ಬರೀ ಮುಲಾಮು ಬರೆಯುತ್ತೇನೆ ಎಂದು ಪಾಲಿಸಿ ತೆಗೆದುಕೊಂಡಿರುತ್ತಾರೆ, ಗೋಡೆಯ ಮೇಲೆ ಕೂದಲು ಕಸಿಯ ಹೊಸ ಬೋರ್ಡು ಲಕಲಕ ಹೊಳೆಯುತ್ತಿರುತ್ತದೆ. ಮಕ್ಕಳ ಡಾಕ್ಟರು ಹೊಸದಾಗಿ ನವಜಾತ ಶಿಶುಗಳ ಐಸಿಯು ತೆರೆದಿರುತ್ತಾರೆ, ನಮಗೆ ಸುದ್ದಿಯೇ ಇಲ್ಲ. ‘ಏನ್ ಸಾರ್, ಇದು ಸೇಮ್ ಆಸ್ ಲಾಸ್ಟ್ ಇಯರ್ರಾ?’ ಎಂದು ಕೇಳಿದರೆ ನಗುತ್ತಾರೆ. ಆಫೀಸಿನಲ್ಲಿ ನನಗೆ ‘ಇನ್‌ಸ್ಪೆಕ್ಟರ್ ಗಿರಿಜಾ’ ಎಂದು ಹೆಸರಿಟ್ಟಿದ್ದರು. ಇಟ್ಟರೆ ಇಡಲಿ, ನನಗೇನೂ ಬೇಸರವಿರಲಿಲ್ಲ.

ಈ ಕಥನದ ಡಾಕ್ಟರಿಗೆ ಮಾತ್ರ ವೇಟಿಂಗ್ ಹಾಲೇ ಇರಲಿಲ್ಲ. ಡಾ. ಪ್ರಹ್ಲಾದ ಅರಿವಳಿಕೆ ತಜ್ಞರು. ಆಪರೇಷನ್ನಿಗೆ ಮುಂಚೆ ಮಂಪರು ಕೊಡುವವರು. ಬೀದರ್ ಕಡೆಯವರು, ನಮ್ಮ ತಂದೆಯ ಊರಿನ ಪಕ್ಕದ ಊರು. ತಂದೆ ಇಲ್ಲಿನ ಕೇಂದ್ರ ಸರ್ಕಾರಿ ಕಾರ್ಖಾನೆಗೆ ಸೇರಿದ್ದರಿಂದ ನಾನು ಹೈದರಾಬಾದಿನಲ್ಲೇ ಬೆಳೆದವಳು, ಆದರೂ ಆ ಕಡೆಯ ಮಾತು ಕಿವಿಗೆ ಬಿದ್ದರೆ ಅರ್ಧ ಕೋಪ ಇಳಿದುಹೋಗುತ್ತದೆ. ಪ್ರಹ್ಲಾದರಿಗೆ ಸ್ವಂತ ಕ್ಲಿನಿಕ್ ಇರಲಿಲ್ಲ. ಸ್ಕೂಟರಿನ ಮುಂದೆ ಔಷಧದ ಬ್ಯಾಗು ಇಟ್ಟುಕೊಂಡು, ಕರೆದ ನರ್ಸಿಂಗ್ ಹೋಮಿಗೆಲ್ಲ ಓಡುತ್ತಿದ್ದರು. ಬೆಳಿಗ್ಗೆ ಒಂದು ಅಪೆಂಡಿಕ್ಸ್, ಮಧ್ಯಾಹ್ನ ಇನ್ನೊಂದು ಕಡೆ ಸಿಸೇರಿಯನ್, ಸಂಜೆ ಮತ್ತೆಲ್ಲೋ ಮೂಳೆ. ರೋಗಿ ಕಣ್ಣು ಬಿಡುವ ಹೊತ್ತಿಗೆ ಇವರು ಮುಂದಿನ ಆಸ್ಪತ್ರೆಯಲ್ಲಿ. ರೋಗಿಗೆ ಸರ್ಜನ್ ಮುಖ ನೆನಪಿರುತ್ತದೆ, ಅರಿವಳಿಕೆಯವರ ಹೆಸರೂ ಗೊತ್ತಿರುವುದಿಲ್ಲ.

ಆ ವರ್ಷ ಪಾಲಿಸಿ ಮುಗಿಯಲು ಸ್ವಲ್ಪ ದಿನ ಇರುವಾಗ ಫೋನ್ ಮಾಡಿದೆ.

“ಅಕ್ಕಾರ, ಈ ವರ್ಷ ಬ್ಯಾಡ್ರಿ,” ಎಂದರು. “ನಾ ಈಗ ದೊಡ್ಡ ಆಸ್ಪತ್ರಿ ಒಳಗ ನೌಕರಿಗೆ ಸೇರೀನಿ. ಓಡಾಟ ಎಲ್ಲಾ ಬಂದ್. ಡಾಕ್ಟರ್‌ಗೆಲ್ಲಾ ಅವರದ ಪಾಲಿಸಿ ಐತಂತ.”

“ಭಾಳ ಚಲೋ ಆತು. ಹಂಗಾರ ಇಷ್ಟು ವರ್ಷ ನರ್ಸಿಂಗ್ ಹೋಮಿನ್ಯಾಗ ನೀವು ಕೊಟ್ಟ ಇಂಜೆಕ್ಷನ್ ಎಲ್ಲಾ ನಿಮ್ಮ ಹೊಸಾ ಆಸ್ಪತ್ರಿ ದತ್ತಕ ತಗೊಂಡೈತೇನ್ರಿ?”

ನಕ್ಕರು. ಆಮೇಲೆ ನಗು ನಿಂತಿತು. “ಹಂಗಂದ್ರ?”

“ಹಂಗಂದ್ರ ಐತವಾರ ಮನಿಗೆ ಬರ್ತೀನಿ,” ಎಂದು ಫೋನಿಟ್ಟೆ.

ಭಾನುವಾರ ಅವರ ಫ್ಲ್ಯಾಟಿಗೆ ಹೋದಾಗ ಹೆಂಡತಿ ವೀಣಾ ಬಿಸಿಬಿಸಿ ಸುಸಲಾ ಮಾಡಿ ಕಾಯುತ್ತಿದ್ದರು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಆ ತಿಂಡಿಯನ್ನು ಹೈದರಾಬಾದಿನ ಯಾವ ಹೋಟೆಲೂ ನನಗೆ ಕೊಟ್ಟಿಲ್ಲ. ತಿನ್ನುತ್ತ ತಿನ್ನುತ್ತಲೇ ಅವರಿಗೆ ಬಿಡಿಸಿ ಹೇಳಿದೆ. ಆಸ್ಪತ್ರೆಯ ಪಾಲಿಸಿ ಆಸ್ಪತ್ರೆಯ ಗೋಡೆಯೊಳಗೆ ಮಾಡಿದ ಕೆಲಸಕ್ಕೆ ಮಾತ್ರ. ನಾಳೆ ಆ ನೌಕರಿ ಬಿಟ್ಟರೆ ಅದೂ ಇಲ್ಲ. ಹಳೆಯ ನರ್ಸಿಂಗ್ ಹೋಮಿನ ಒಬ್ಬ ರೋಗಿ ಮುಂದಿನ ತಿಂಗಳು ದೂರು ಕೊಟ್ಟರೆ ಹೊಸ ಆಸ್ಪತ್ರೆ ಕೈ ತೊಳೆದುಕೊಳ್ಳುತ್ತದೆ, ನಾವೂ ಪಾಲಿಸಿ ಇಲ್ಲವೆಂದು ಕೈಯೆತ್ತಬೇಕಾಗುತ್ತದೆ. ಆಗ ಉಳಿಯುವುದು ಈ ಮನೆ, ಈ ನೌಕರಿ, ಈ ಹೆಸರು. ಪ್ರಹ್ಲಾದ ಜಾಣರು, ಒಂದೇ ಸಲಕ್ಕೆ ತಿಳಿಯಿತು. “ತರ್ರಿ ಅಕ್ಕಾರ, ಸಹಿ ಮಾಡ್ತೀನಿ,” ಎಂದು ಕೈಚಾಚಿದರು.

ನವೀಕರಣದ ಅರ್ಜಿಯಲ್ಲಿ ಎಲ್ಲ ಕಂಪನಿಗಳೂ ಕೇಳುವ ಪ್ರಶ್ನೆಯೊಂದಿದೆ. ಮುಂದೆ ದೂರಿಗೆ ಕಾರಣವಾಗಬಹುದಾದ ಘಟನೆ ಏನಾದರೂ ನಿಮ್ಮ ಗಮನದಲ್ಲಿದೆಯೇ? ಪ್ರಹ್ಲಾದ ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋದರು. ಎಲ್ಲ ಡಾಕ್ಟರರೂ ಹಾಗೇ ಹಾಕುತ್ತಾರೆ. ನಾನು ಆ ಪ್ರಶ್ನೆಯನ್ನು ನಂಬುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ನನ್ನದೇ ಒಂದು ಪ್ರಶ್ನೆ ಇತ್ತು.

“ಒಂದ್ ನಿಮಿಷ ತಡೀರಿ ಡಾಕ್ಟ್ರ. ಈ ವರ್ಷ ನಿಮ್ಮ ಮನಸ್ಸು ಬಿಟ್ಟು ಹೋಗದ ಪೇಷಂಟ್ ಯಾರು?”

ಅವರು ಪೆನ್ನು ಕೆಳಗಿಟ್ಟರು. ಹೆಂಡತಿಯ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಸುಸಲಾ ಆರಿಹೋಯಿತು.

“ಸ್ವಪ್ನಾ ಅಂತ ಒಬ್ಬಾಕಿ,” ಎಂದರು ಕೊನೆಗೆ. “ಇಲ್ಲೇ ಮಾರ್ಕೆಟ್ ಹಿಂದ ಬ್ಲೌಸ್ ಹೊಲೀತಾಳ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದೆ. ಕೂಸು ಚಲೋ ಐತಿ. ಆದ್ರ ಮರುದಿನ ಆಕಿ ಬಲಗಾಲು ಎತ್ತಾಕ ಬರಲಿಲ್ಲ. ಹಿಮ್ಮಡಿ ಊರ್ತಾಳ, ಬೆರಳು ಕೆಳಗ ಜೋತು ಬೀಳತಾವ. ಮಷೀನ್ ತುಳಿಯೋ ಕಾಲು ಅದ.”

“ಇದನ್ನ ಯಾಕ ಬರೀಲಿಲ್ಲ?”

“ಇದು ಕಾಂಪ್ಲಿಕೇಶನ್ ಅಲ್ಲೇನ್ರಿ? ಸೂಜಿ ಒಂದಾ ಸಲಕ್ಕ ಸರಿಯಾಗಿ ಹೋಗೈತಿ, ಆಕಿಗೆ ನೋವೂ ಆಗಿಲ್ಲ. ಭಾಳ ಹೊತ್ತು ಹೆರಿಗಿ ನೋವು ತಿಂದಿದ್ಲು. ಕೂಸಿನ ತಲಿ ನರ ಒತ್ತಿದ್ರೂ ಹಿಂಗ ಆಗತೈತಿ. ಪುಸ್ತಕದಾಗ ಐತಿ. ನಾ ತಪ್ಪು ಮಾಡಿಲ್ಲ ಅಕ್ಕಾರ.”

ನೋಡಿ, ಇದು ಡಾಕ್ಟರರು ಮಾತ್ರ ಮಾಡುವ ತಪ್ಪು. ನಿಮ್ಮ ಕಾರಿಗೆ ಯಾರೋ ಗುದ್ದಿದರೆ, ತಪ್ಪು ನಿಮ್ಮದಲ್ಲದಿದ್ದರೂ ವಿಮೆಯವರಿಗೆ ಹೇಳುತ್ತೀರಿ. ಡಾಕ್ಟರ ತಲೆಯಲ್ಲಿ ಹಾಗಲ್ಲ. ತಾನು ತಪ್ಪು ಮಾಡಿದ್ದರೆ ಅದು ಘಟನೆ, ಮಾಡಿಲ್ಲದಿದ್ದರೆ ಅದು ವೈದ್ಯಶಾಸ್ತ್ರ. ಪಠ್ಯಪುಸ್ತಕದಲ್ಲಿ ಬರೆದಿರುವ ತೊಡಕು ತಮಗೆ ಗೊತ್ತಿದ್ದ ಮೇಲೆ ಲೋಕಕ್ಕೆಲ್ಲ ಗೊತ್ತಿದೆ ಎಂದುಕೊಳ್ಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂದು ಗುರುತು ಹಾಕುತ್ತಾರೆ. ದೂರು ಬಂದ ದಿನ ಕಂಪನಿ ಅದೇ ಗುರುತನ್ನು ತೋರಿಸಿ, ನೀವು ಮುಚ್ಚಿಟ್ಟಿರಿ ಎಂದು ಬಾಗಿಲು ಹಾಕುತ್ತದೆ.

“ಪುಸ್ತಕದಾಗ ಇದ್ದದ್ದು ನಿಮಗ ಗೊತ್ತು,” ಎಂದೆ. “ಸ್ವಪ್ನಾಗ ಗೊತ್ತೇನು? ಆಕಿಗೆ ಗೊತ್ತಿರೂದು ಇಷ್ಟ: ನಡಕೊಂತ ಒಳಗ ಹೋದೆ, ಹೊರಗ ಬರಾಗ ಕಾಲು ಎಳಕೊಂಡು ಬಂದೆ. ಪಾಲಿಸಿ ಮುಗಿಯೋದರೊಳಗ ನಡದದ್ದು ನಡದಂಗ ಬರದು ಕೊಡ್ರಿ. ಮುಂದ ಯಾವಾಗ ದೂರು ಬಂದ್ರೂ ಅದನ್ನ ಈ ವರ್ಷದ ಪಾಲಿಸೀನ ಹೊತ್ಕೋತೈತಿ. ತಪ್ಪು ಯಾರದು ಅಂತ ಬರೀಬ್ಯಾಡ್ರಿ, ಅದು ಯಾರಿಗೂ ಗೊತ್ತಿಲ್ಲ.”

ಪ್ರಹ್ಲಾದರ ಮುಖ ಕಪ್ಪಿಟ್ಟಿತು. “ನಾನಾಗೇ ಬರದು ಕೊಟ್ರ ಒಪ್ಪಿಕೊಂಡಂಗ ಆಗೂದಿಲ್ಲೇನ್ರಿ? ನಾಳೆ ಕೋರ್ಟಿನ್ಯಾಗ ಇದನ್ನ ಹಿಡಕೊಂಡು ಕುಣೀತಾರ. ಹೊಸಾ ನೌಕರಿ, ಇನ್ನೂ ಪ್ರೊಬೇಶನ್ ಮುಗಿದಿಲ್ಲ. ಆಕಿ ಏನೂ ದೂರು ಕೊಟ್ಟಿಲ್ಲ, ಕೊಡೂದೂ ಇಲ್ಲ. ಭಾಳ ಒಳ್ಳೇ ಹುಡುಗಿ.”

ನಾನು ಬಾಯಿ ತೆರೆಯುವ ಮೊದಲೇ ವೀಣಾ ಮಾತಾಡಿದರು. ಅಷ್ಟು ಹೊತ್ತು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹೆಣ್ಣುಮಗಳು.

“ಇದಕ್ಕೇನ್ರಿ ನೀವು ಇಷ್ಟು ತಿಂಗಳಿಂದ ಉಂಡದ್ದು ಮೈಗೆ ಹತ್ತದಂಗ ಇರೋದು? ನಾ ಹೊಸಾ ನೌಕರಿ ಹಿಡಿಸಿಲ್ಲ ಅಂತ ತಿಳಕೊಂಡಿದ್ದೆ. ಬರೀರಿ ಮೊದಲ!”

ಪ್ರಹ್ಲಾದ ಹೆಂಡತಿಯ ಮುಖ ನೋಡಿದರು. ಆಮೇಲೆ ಹಾಕಿದ ಗುರುತನ್ನು ಹೊಡೆದು, ಬೇರೆ ಹಾಳೆ ತೆಗೆದುಕೊಂಡು ಬರೆಯಲು ಕೂತರು. ಯಾವ ಔಷಧ, ಬೆನ್ನಿನ ಯಾವ ಜಾಗ, ಕಾಲು ಯಾವಾಗ ಗಮನಕ್ಕೆ ಬಂತು, ನರದ ಯಾವ ಪರೀಕ್ಷೆ ಮಾಡಿಸಿದರು, ಕಾಲಿಗೆ ಯಾವ ಪಟ್ಟಿ ಕಟ್ಟಿಸಿದರು, ಎಲ್ಲ. ಬರೆದು ಮುಗಿದ ಮೇಲೆ ಮತ್ತೊಂದು ತಟ್ಟೆ ಸುಸಲಾ ಹಾಕಿಸಿಕೊಂಡು ಪೂರ್ತಿ ತಿಂದರು. ವೀಣಾ ನನ್ನ ಕಡೆ ನೋಡಿ ಕಣ್ಣಲ್ಲೇ ಕೈಮುಗಿದರು. ಸೋಮವಾರ ಬೆಳಿಗ್ಗೆ ಅದನ್ನು ನಾನೇ ದಾಖಲೆಗೆ ಹಾಕಿಸಿ, ಪ್ರಾದೇಶಿಕ ಕಚೇರಿಗೆ ಕಳಿಸಿ, ತಲುಪಿತೆಂದು ಬರೆಸಿಕೊಂಡೆ. ನೌಕರಿಗೆ ಸೇರಿದ್ದನ್ನೂ ನಮೂದಿಸಿ, ಹಳೆಯ ರೆಟ್ರೊಆಕ್ಟಿವ್ ಡೇಟ್ ಒಂದು ಕೂದಲೆಳೆಯೂ ಕದಲದಂತೆ ನವೀಕರಿಸಿದೆ.

ಸುಮಾರು ಆರೇಳು ತಿಂಗಳು ಏನೂ ಆಗಲಿಲ್ಲ. ದಾರಿಯಲ್ಲಿ ಸಿಕ್ಕಾಗ ಪ್ರಹ್ಲಾದ “ನೋಡಿದ್ರೇನ್ರಿ ಅಕ್ಕಾರ, ಸುಮ್ನ ನನ್ನ ಹೆದರಿಸಿದ್ರಿ” ಎಂದು ಕಾಡಿಸುತ್ತಿದ್ದರು. ಕಾಡಿಸಲಿ ಬಿಡಿ. ದೂರು ಬರಲೇ ಇಲ್ಲ ಎಂದರೆ ನನ್ನಷ್ಟು ಸಂತೋಷಪಡುವವರು ಯಾರು?

ಆದರೆ ಬಂತು. ಜಿಲ್ಲಾ ಗ್ರಾಹಕರ ಆಯೋಗದಿಂದ ನೋಟಿಸು. ನರ್ಸಿಂಗ್ ಹೋಮಿನ ಒಡತಿಯಾದ ಹೆರಿಗೆ ಡಾಕ್ಟರು ಮೊದಲ ಪ್ರತಿವಾದಿ, ಪ್ರಹ್ಲಾದ ಎರಡನೆಯವರು. ಪ್ರಹ್ಲಾದ ಆಸ್ಪತ್ರೆಯ ಕೆಲಸ ಅರ್ಧಕ್ಕೇ ಬಿಟ್ಟು ನೇರ ನನ್ನ ಕ್ಯಾಬಿನ್ನಿಗೆ ಬಂದರು. ನೋಟಿಸನ್ನು ನನ್ನ ಮೇಜಿನ ಮೇಲಿಟ್ಟರು. ನೀರು ಕೊಟ್ಟೆ. ಅವರು ಕುಡಿಯಲಿಲ್ಲ.

ಅದೇ ವಾರ ಇನ್ನೊಂದು ವಿಷಯವೂ ಗೊತ್ತಾಯಿತು. ಹೆರಿಗೆ ಡಾಕ್ಟರು ಹಿಂದಿನ ವರ್ಷ ಕಡಿಮೆ ಪ್ರೀಮಿಯಂ ಎಂದು ಬೇರೊಂದು ಕಂಪನಿಗೆ ಹೋಗಿದ್ದರು. ನಡುವೆ ಪಾಲಿಸಿ ಕೆಲವು ವಾರ ಬಿಟ್ಟುಹೋಗಿತ್ತು. ಹೊಸ ಕಂಪನಿ ಹೊಸ ದಿನಾಂಕದಿಂದಲೇ ಹೊಣೆ ಹೊತ್ತಿತ್ತು. ಸ್ವಪ್ನಾಳ ಹೆರಿಗೆ ಅದಕ್ಕೂ ಮೊದಲಿನದು. ಅಂದರೆ ಅವರಿಗೆ ರಕ್ಷಣೆಯೇ ಇಲ್ಲ. ನರ್ಸಿಂಗ್ ಹೋಮು ಆಗಲೇ ಮುಚ್ಚುವ ಸ್ಥಿತಿಯಲ್ಲಿತ್ತು. ನಮ್ಮ ಪಾಲಿಸಿಯೂ ಕೈಕೊಟ್ಟರೆ ಭಾರವೆಲ್ಲ ಪ್ರಹ್ಲಾದರ ಹೆಗಲಿಗೆ. ಇನ್ನೊಂದು ಕಡೆಯಿಂದಲೂ ಯೋಚಿಸಿ. ಎರಡೂ ಕಡೆ ವಿಮೆ ಇಲ್ಲವೆಂದಾದರೆ, ಆಯೋಗ ನಾಳೆ ಎಷ್ಟೇ ಪರಿಹಾರ ಬರೆದರೂ ಆ ಹೊಲಿಗೆಯ ಹೆಣ್ಣುಮಗಳ ಕೈಗೆ ಬರುವುದು ಬರೀ ಆದೇಶದ ಕಾಗದ.

ಪ್ರಾದೇಶಿಕ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಶರ್ಮಾ ಎಂಬ ಹಿರಿಯ ಅಧಿಕಾರಿ ಇದ್ದರು. ಕೆಟ್ಟವರಲ್ಲ, ಆದರೆ ಕ್ಲೇಮ್ ಕಂಡರೆ ಹುಳುಕು ಹುಡುಕುವುದೇ ಕೆಲಸ ಎಂದು ನಂಬಿದವರು. ಅವರ ತಕರಾರು ಎರಡು. ಒಂದು, ಹೆರಿಗೆ ಆದ ಕೂಡಲೇ ತಿಳಿಸಬೇಕಿತ್ತು, ಪಾಲಿಸಿ ಮುಗಿಯುವ ಹೊತ್ತಿಗೆ ಬರೆದದ್ದು ತಡವಾಯಿತು. ಎರಡು, ಡಾಕ್ಟರು ಈಗ ನೌಕರರು, ಕಂಪನಿ ಒಪ್ಪಿದ್ದು ಸ್ವತಂತ್ರ ವೃತ್ತಿಯನ್ನು. ನಾನು ಬಶೀರ್‌ಬಾಗಿನ ಅವರ ಕಚೇರಿಗೆ ಹೋಗಿ ಎದುರಿಗೇ ಕೂತೆ. ಹೆರಿಗೆ ಆದದ್ದು ಅವರು ಸ್ವತಂತ್ರ ವೃತ್ತಿಯಲ್ಲಿದ್ದಾಗ. ನೌಕರಿಗೆ ಸೇರಿದ್ದನ್ನು ನಾವೇ ಒಪ್ಪಿ ಪಾಲಿಸಿಗೆ ಸೇರಿಸಿದ್ದೇವೆ. ಕಾಲು ನಿಧಾನವಾಗಿ ಸುಧಾರಿಸುತ್ತಿತ್ತು, ಯಾರೂ ದೂರಿನ ಮಾತೆತ್ತಿರಲಿಲ್ಲ. ಹಾಗಿದ್ದೂ, ಕೇಳಿದ ದಿನವೇ ತಾನಾಗಿ ಬರೆದು ಕೊಟ್ಟ ಡಾಕ್ಟರನ್ನು ನೀವು ಇಂದು ಶಿಕ್ಷಿಸಿದರೆ, ನಾಳೆ ಈ ನಗರದ ಒಬ್ಬ ಡಾಕ್ಟರಾದರೂ ನಮಗೆ ನಿಜ ಹೇಳುತ್ತಾರೆಯೇ? ಇಷ್ಟು ಹೇಳುವಾಗ ನನ್ನ ದನಿ ಏರಿತ್ತು. ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಶರ್ಮಾ ಕನ್ನಡಕ ತೆಗೆದು, “ಮೇಡಂ, ಆಪ್ ಕಂಪನಿ ಕೀ ತರಫ್ ಹೈಂ ಯಾ ಡಾಕ್ಟರ್ ಕೀ ತರಫ್?” ಎಂದರು. ನೀವು ಕಂಪನಿ ಪರವೋ, ಡಾಕ್ಟರ ಪರವೋ ಎಂದು.

“ಪಾಲಿಸಿ ಕೀ ತರಫ್, ಸಾಬ್,” ಎಂದೆ.

ಅವರು ಚಹಾ ತರಿಸಿದರು. ಅವರ ಕಚೇರಿಯಲ್ಲಿ ಚಹಾ ಬಂದರೆ ಅರ್ಧ ಗೆದ್ದ ಹಾಗೆ ಎಂದು ನನಗೆ ಗೊತ್ತಿತ್ತು. ಮುಂದಿನ ಸಮಿತಿ ಸಭೆಯಲ್ಲಿ ಕ್ಲೇಮ್ ಒಪ್ಪಿಗೆಯಾಯಿತು, ವಕೀಲರನ್ನು ನೇಮಿಸಿದರು. ಆ ದಿನ ಆಫೀಸಿನಲ್ಲಿ ಎಲ್ಲರಿಗೂ ನಾನೇ ಇಲ್ಲಿನ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ ತರಿಸಿದೆ. ‘ಇನ್‌ಸ್ಪೆಕ್ಟರ್ ಕಮಿಷನರ್ ಆದರು’ ಎಂದು ಹುಡುಗರು ಚಪ್ಪಾಳೆ ತಟ್ಟಿದರು. ಹೆಮ್ಮೆಯಿಂದ ತಲೆ ಸೂರಿಗೆ ತಾಗುವುದೊಂದು ಬಾಕಿ, ಸುಳ್ಳೇಕೆ ಹೇಳಲಿ.

ಆಯೋಗ ಸರ್ಕಾರಿ ಆಸ್ಪತ್ರೆಯ ತಜ್ಞರ ಅಭಿಪ್ರಾಯ ತರಿಸಿತು. ನರಕ್ಕೆ ಪೆಟ್ಟಾಗಿರುವುದು ನಿಜ. ಸೂಜಿಯಿಂದಲೋ, ದೀರ್ಘ ಹೆರಿಗೆ ನೋವಿನ ಒತ್ತಡದಿಂದಲೋ ಎಂಬುದನ್ನು ಖಚಿತವಾಗಿ ಹೇಳಲಾಗದು. ಅದನ್ನು ಓದಿದ ನಮ್ಮ ವಕೀಲರು ಕೈ ಉಜ್ಜಿಕೊಂಡರು. ಹೋರಾಡಿದರೆ ಗೆಲ್ಲುತ್ತೇವೆ, ವರ್ಷಗಟ್ಟಲೆ ಎಳೆಯಬಹುದು ಎಂದರು. ಎಳೆದರೆ ಯಾರು ಗೆದ್ದ ಹಾಗೆ? ಮೇಲ್ಮನವಿಯಾಗಿ ಹತ್ತು ವರ್ಷ ಹೋದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ರೋಗಿ ಸೋಲುತ್ತಾನೆ, ಡಾಕ್ಟರು ಮುದುಕರಾಗುತ್ತಾರೆ, ಕಂಪನಿ ವಕೀಲರ ಬಿಲ್ಲು ಕಟ್ಟುತ್ತದೆ. ಆಯೋಗದಲ್ಲಿ ಮಧ್ಯಸ್ಥಿಕೆಗೆ ಅವಕಾಶವಿದೆ. ಅದಕ್ಕೆ ಹೋಗೋಣ ಎಂದು ನಾನೂ, ಈ ಸಲ ನನ್ನ ಪಕ್ಕದಲ್ಲಿ ನಿಂತ ಶರ್ಮಾ ಅವರೂ ಹಟ ಹಿಡಿದೆವು.

ಮಧ್ಯಸ್ಥಿಕೆಯ ದಿನ ಕಂಪನಿಯ ಪ್ರತಿನಿಧಿಯಾಗಿ ನಾನೇ ಹೋದೆ. ಸ್ವಪ್ನಾಳನ್ನು ಮೊದಲ ಸಲ ನೋಡಿದ್ದು ಅಂದೇ. ಸಣ್ಣ ಮೈಕಟ್ಟಿನ ಹುಡುಗಿ, ತಾನೇ ಹೊಲಿದ ಅಚ್ಚುಕಟ್ಟಾದ ಬ್ಲೌಸು, ಬಲಗಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ. ಅವಳ ಪಕ್ಕದಲ್ಲಿ ಗಂಡ, ಅವನ ತೋಳಿನಲ್ಲಿ ದುಂಡಗಿನ ಮಗು. ಪ್ರಹ್ಲಾದ ಮೇಜಿನ ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಮ್ಮ ವಕೀಲರು ಅವರಿಗೆ ಬಾಯಿ ಬಿಡಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದರು. ಪಾಲಿಸಿಯ ಷರತ್ತು ಹಾಗಿದೆ, ಕಂಪನಿಯ ಒಪ್ಪಿಗೆಯಿಲ್ಲದೆ ಡಾಕ್ಟರು ಹೊಣೆ ಒಪ್ಪಿಕೊಳ್ಳುವಂತಿಲ್ಲ. ಮಾತುಕತೆ ಮಧ್ಯಾಹ್ನದವರೆಗೂ ನಡೆಯಿತು. ಕೊನೆಗೆ ಯಾರ ತಪ್ಪೆಂದೂ ಬರೆಯದೆ, ಎರಡೂ ಕಡೆಯವರು ಒಪ್ಪಿದ ಮೊತ್ತಕ್ಕೆ ಸಹಿ ಬಿತ್ತು. ಎಷ್ಟೆಂದು ನಾನು ಬರೆಯುವುದಿಲ್ಲ, ಅದು ಸ್ವಪ್ನಾಳ ಸ್ವಂತ ವಿಷಯ. ಮೋಟಾರು ಮಷೀನು ಕೊಂಡು, ಚಿಕಿತ್ಸೆ ಮುಂದುವರಿಸಿ, ಒಂದು ಸಣ್ಣ ಅಂಗಡಿ ಹಿಡಿಯಲು ಸಾಕಾಗುವಷ್ಟು ಎಂದರೆ ಸಾಕು.

ಸಹಿ ಮುಗಿಸಿ ಎಲ್ಲರೂ ಕಾರಿಡಾರಿಗೆ ಬಂದೆವು. ಸ್ವಪ್ನಾ ಗೋಡೆ ಹಿಡಿದು ನಡೆಯುತ್ತ ಬಂದು ಪ್ರಹ್ಲಾದರ ಎದುರು ನಿಂತಳು. ವಕೀಲರು ಮುಂದೆ ಬಂದರು. ನಾನು ಅವರ ತೋಳು ಹಿಡಿದು, “ಸಹಿ ಆಯಿತಲ್ಲ ಸಾರ್, ಇನ್ನು ಬಿಡಿ” ಎಂದೆ.

ಅವಳು ತೆಲುಗಿನಲ್ಲಿ, ಬಹಳ ಮೆಲ್ಲಗೆ ಹೇಳಿದಳು: “ಕಾಲು ಹೀಗಾಯಿತು ಅಂತ ನಾನು ಅತ್ತಿರಲಿಲ್ಲ ಸಾರ್. ನೀವು ವಾರ ವಾರ ಮನೆಗೆ ಬರುತ್ತಿದ್ದಿರಿ. ಬೆರಳು ಎತ್ತು ಅನ್ನುತ್ತಿದ್ದಿರಿ. ನಾನು ಎತ್ತುತ್ತಿದ್ದೆ, ನೀವು ಶಭಾಷ್ ಅನ್ನುತ್ತಿದ್ದಿರಿ. ಆಮೇಲೆ ಒಮ್ಮೆಲೇ ಬರುವುದು ನಿಲ್ಲಿಸಿದಿರಿ. ಫೋನೂ ಎತ್ತಲಿಲ್ಲ. ಈ ಕಾಲು ಇನ್ನು ಸರಿಹೋಗುವುದಿಲ್ಲ ಅಂತ ಸಾರ್‌ಗೆ ಗೊತ್ತಾಗಿದೆ, ಅದಕ್ಕೇ ಬರುತ್ತಿಲ್ಲ ಅಂದುಕೊಂಡೆ. ಅವತ್ತು ಅತ್ತೆ ಸಾರ್. ಅವತ್ತೇ ನಮ್ಮ ಮನೆಯವರು ವಕೀಲರ ಹತ್ತಿರ ಹೋದರು.”

ಪ್ರಹ್ಲಾದರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರೂ ತೆಲುಗಿನಲ್ಲೇ ಉತ್ತರಿಸಿದರು. “ಹೊಸ ಆಸ್ಪತ್ರೆಯಲ್ಲಿ ಒಬ್ಬ ಹಿರಿಯರು ಹೋಗಬೇಡ ಅಂದರಮ್ಮಾ. ಹೋದರೆ ನಿನ್ನದೇ ತಪ್ಪು ಅಂತ ನೀನೇ ಹೇಳಿದ ಹಾಗಾಗುತ್ತದೆ ಅಂದರು. ನಾನು ಹೆದರಿದೆ. ನಿನ್ನ ಕಾಲು ಸರಿಹೋಗುವುದಿಲ್ಲ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹೆದರಿದೆ, ಅಷ್ಟೇ.”

ಹೇಳಿದವರೇ ಆ ಕಾರಿಡಾರಿನಲ್ಲಿ, ವಕೀಲರು ಕಕ್ಷಿದಾರರು ಓಡಾಡುವ ನಡುವೆ, ಇಸ್ತ್ರಿ ಪ್ಯಾಂಟಿನಲ್ಲಿ ನೆಲಕ್ಕೆ ಮಂಡಿಯೂರಿದರು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪಟ್ಟಿ ಬಿಚ್ಚಿ, ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡರು. “ಎತ್ತಮ್ಮಾ,” ಎಂದರು. ಅವಳು ಹಲ್ಲು ಕಚ್ಚಿದಳು. ಬೆರಳುಗಳು ಎದ್ದವು. ಸ್ವಲ್ಪವೇ, ಆದರೆ ಎದ್ದವು. “ಇನ್ನೊಂದು ಸಲ,” ಎಂದರು. ಮತ್ತೆ ಎದ್ದವು. ಅವಳ ಗಂಡ ಮಗುವನ್ನು ನನ್ನ ಕೈಗೆ ಕೊಟ್ಟು, ತಾನೂ ಪಕ್ಕದಲ್ಲಿ ಕೂತು ನೋಡತೊಡಗಿದ. ನನ್ನ ಕಣ್ಣು ತುಂಬಿ ಬಂದಿತ್ತು. ಮಗು ನನ್ನ ಕನ್ನಡಕ ಕಿತ್ತುಕೊಂಡಿತು, ಅದೊಂದು ನೆಪವಾಯಿತು.

ಮುಂದಿನ ವಾರದಿಂದ ಪ್ರಹ್ಲಾದ ಮತ್ತೆ ಅವಳ ಮನೆಗೆ ಹೋಗತೊಡಗಿದರು. ನಾನು ನಿವೃತ್ತಳಾಗುವವರೆಗೂ, ಪಾಲಿಸಿ ನವೀಕರಿಸಲು ಹೋದ ಪ್ರತಿ ಡಾಕ್ಟರಿಗೂ ಸ್ವಪ್ನಾಳ ಹೆಸರು ಹೇಳದೆ ಈ ಕಥೆಯನ್ನು ಹೇಳುತ್ತಿದ್ದೆ. ಹಲವರು ಗಡಿಯಾರ ನೋಡಿಕೊಂಡರು, ಕೆಲವರು ಪೆನ್ನು ಕೆಳಗಿಟ್ಟರು.

ವಿಮೆ ಇದ್ದರೆ ಡಾಕ್ಟರರು ಬೇಜವಾಬ್ದಾರರಾಗುತ್ತಾರೆ ಎನ್ನುವವರಿದ್ದಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ಬೆನ್ನಿಗೆ ಯಾರೂ ಇಲ್ಲದ ಡಾಕ್ಟರು ಹೆದರುತ್ತಾರೆ. ಹೆದರಿದ ಡಾಕ್ಟರು ಮೊದಲು ಬಿಡುವುದು ರೋಗಿಯ ಮನೆಯ ದಾರಿಯನ್ನು. ನಡೆದದ್ದನ್ನು ಬರೆದು ಕೊಟ್ಟು, ಬೆನ್ನಿಗೆ ಒಂದು ಪಾಲಿಸಿ ಗಟ್ಟಿಯಾಗಿ ನಿಂತಿದೆ ಎಂದು ಗೊತ್ತಿದ್ದರೆ ಮಾತ್ರ ಅವರು ರೋಗಿಯ ಮುಂದೆ ಮಂಡಿಯೂರಿ ಪಾದ ಹಿಡಿಯಬಲ್ಲರು. ಆ ಹೆದರಿಕೆಯನ್ನು ತೆಗೆಯುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಚೆನ್ನಾಗಿ ಮಾಡಿದೆ.